ಬುದ್ಧಿ ಬೆಳವಣಿಗೆ ನಿಧಾನ ಇರುವವರನ್ನು ಮನೆಯಲ್ಲಿ, ಓಣಿಯಲ್ಲಿ ನೋಡಿಕೊಳ್ಳುವುದು ಹೇಗೆ: ನಮ್ಮ ಕೊಪ್ಪಳ ಸೀಮೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಅವ್ವನಿಗೆ ಗರ್ಭಕೋಶದ ಆಪರೇಷನ್ ಆಯಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಮದುವೆಯಾಗಿ ಗಂಗಾವತಿಯಲ್ಲಿದ್ದೆ, ತಮ್ಮನನ್ನು ನೋಡಿಕೊಳ್ಳಲು ಊರಿಗೆ ಬಂದೆ. ತಮ್ಮನಿಗೆ ಆಗ 24. ಹುಟ್ಟಿದಾಗ ಅಳಲಿಲ್ಲ, ಮೂರು ವರ್ಷಕ್ಕೆ ನಡೆದ, ಆಡುವುದು ಹತ್ತಿಪ್ಪತ್ತು ಮಾತು, ಆಗಾಗ ಫಿಟ್ಸ್ ಬರುತ್ತದೆ. ಅವನ ಜತೆ ಒಂದೇ ಮನೆಯಲ್ಲಿ ಬೆಳೆದವಳು ನಾನು. ಆದರೂ ರಾತ್ರಿ ಮಾತ್ರೆ ಒಂದೋ ಒಂದೂವರೆಯೋ ಗೊತ್ತಿರಲಿಲ್ಲ. ಒಂದೇ ಕೊಟ್ಟೆ. ನಾಲ್ಕು ದಿನದಲ್ಲಿ ಎರಡು ಸಲ ಫಿಟ್ಸ್ ಬಂತು. ತಟ್ಟೆ ಮುಂದಿಟ್ಟರೆ ದೂಡುತ್ತಿದ್ದ. ಪಕ್ಕದ ಮನೆಯ ಚಿಗವ್ವ ಬಂದು, ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಟ್ಟರೆ ತಿನ್ನುತ್ತಾನೆ ಅಂತ ಹೇಳಿದ ಮೇಲೆ ಹೊಟ್ಟೆ ತುಂಬ ಉಂಡ. ಅವನ ಬಗ್ಗೆ ಇದ್ದ ತಿಳುವಳಿಕೆಯೆಲ್ಲ ಅವ್ವನ ತಲೆಯಲ್ಲೇ ಇತ್ತು, ಬೇರೆ ಎಲ್ಲೂ ಇರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಇಂಥವರಿದ್ದರೆ ನಾವು ಎರಡು ಕೆಲಸ ಮಾಡಬೇಕು. ಅವರು ತಾವೇ ಮಾಡಿಕೊಳ್ಳುವುದನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಬೇಕು. ಅವರನ್ನು ಬಲ್ಲವರ ಸಂಖ್ಯೆಯನ್ನೂ ಜಾಸ್ತಿ ಮಾಡಬೇಕು. ಕೆಳಗಿನದೆಲ್ಲ ಈ ಎರಡಕ್ಕೇ.

ಹೆಜ್ಜೆ 1: ಮೊದಲು ಹೆಸರು ಸರಿ ಮಾಡಿಕೊಳ್ಳಿ

ಕಾಗದಪತ್ರದಲ್ಲಿ ಈಗ ಬೌದ್ಧಿಕ ಅಂಗವಿಕಲತೆ ಅಂತ ಬರೆಯುತ್ತಾರೆ. ಹಳೆಯ ಪ್ರಮಾಣಪತ್ರದಲ್ಲಿ ಬುದ್ಧಿಮಾಂದ್ಯ ಅಂತ ಇರಬಹುದು, ಎರಡೂ ಒಂದೇ. ಓದು, ಬರಹ, ಲೆಕ್ಕದಲ್ಲಷ್ಟೇ ತೊಡಕಿದ್ದು ಉಳಿದಂತೆ ಚುರುಕಾಗಿರುವ ಮಕ್ಕಳದು ಬೇರೆ, ಅದನ್ನು ಕಲಿಕಾ ನ್ಯೂನತೆ ಎನ್ನುತ್ತಾರೆ. ಮಾನಸಿಕ ಕಾಯಿಲೆಯೂ ಬೇರೆ. ನಮ್ಮ ಕಡೆ ಎಲ್ಲವನ್ನೂ ಸೇರಿಸಿ ಹುಚ್ಚ ಅಂದುಬಿಡುತ್ತಾರೆ, ಅದರಿಂದ ಚಿಕಿತ್ಸೆಯೂ ತಪ್ಪುತ್ತದೆ, ಮರ್ಯಾದೆಯೂ ಹೋಗುತ್ತದೆ.

ಇನ್ನೊಂದು ಮಾತು. ಹೆರಿಗೆಯಲ್ಲಿ ಉಸಿರು ಕಟ್ಟುವುದು, ತೀರ ಕಡಿಮೆ ತೂಕ, ಮೆದುಳಿನ ಸೋಂಕು, ಥೈರಾಯ್ಡ್ ಕೊರತೆ, ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಡೌನ್ ಸಿಂಡ್ರೋಮ್, ಹೀಗೆ ಕಾರಣ ಹತ್ತಾರಿವೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬಸುರಿದ್ದಾಗ ಗ್ರಹಣ ನೋಡಿದಳು, ಅಮಾವಾಸ್ಯೆ ದಾಟಿದಳು ಅಂತ ತಾಯಿಯ ಮೇಲೆ ಹೊರಿಸುವುದನ್ನು ಇವತ್ತೇ ನಿಲ್ಲಿಸಿ. ನಮ್ಮ ಅವ್ವ ಇಪ್ಪತ್ತು ವರ್ಷ ಆ ಮಾತು ಕೇಳಿದ್ದಾಳೆ.

ಮಗು ಇನ್ನೂ ಸಣ್ಣದಿದ್ದರೆ ಕಾಯಬೇಡಿ. ನಡೆಯುವುದು, ಮಾತು ತಡವಾಗುತ್ತಿದೆ ಅನ್ನಿಸಿದ ಕೂಡಲೇ ಅಂಗನವಾಡಿಯಲ್ಲಿ ಹೇಳಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರ್‌ಬಿಎಸ್‌ಕೆ ತಂಡ ಅಂಗನವಾಡಿ, ಶಾಲೆಗಳಿಗೆ ಬರುತ್ತದೆ. ಅವರು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ದೊಡ್ಡವನಾದ ಮೇಲೆ ತಾನೇ ಸರಿಯಾಗುತ್ತಾನೆ ಅಂತ ನಾವು ಕಾದ ಐದು ವರ್ಷ ಸುಮ್ನೆ ಹೋಯಿತು.

ಹೆಜ್ಜೆ 2: ನೂರು ಪುಟದ ಒಂದು ನೋಟ್‌ಬುಕ್

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯ ಇದೇ, ಖರ್ಚೂ ಕಡಿಮೆ. ಮೊದಲ ಪುಟದಲ್ಲಿ ಫೋಟೊ, ಹೆಸರು, ರಕ್ತದ ಗುಂಪು, ಮೂರು ಜನರ ಫೋನ್ ನಂಬರ್. ಎರಡನೇ ಪುಟದಲ್ಲಿ ಮಾತ್ರೆ: ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ. ಓದಲು ಬಾರದವರು ಮನೆಯಲ್ಲಿದ್ದರೆ ಖಾಲಿ ಮಾತ್ರೆ ಚೀಟಿಯನ್ನೇ ಅಂಟಿಸಿ, ಪಕ್ಕದಲ್ಲಿ ಸೂರ್ಯ, ಚಂದ್ರನ ಚಿತ್ರ ಬರೆಯಿರಿ. ಒಂದೂವರೆ ಮಾತ್ರೆ ಅಂದರೆ ಒಂದು ಪೂರ್ತಿ, ಒಂದು ಅರ್ಧ ವೃತ್ತ. ಅಷ್ಟೇ ಸಾಕು.

ಆಮೇಲಿನ ಪುಟಗಳಲ್ಲಿ ಅವನನ್ನೇ ಬರೆಯಿರಿ. ಏನು ತಿನ್ನುತ್ತಾನೆ, ಹೇಗೆ ತಿನ್ನುತ್ತಾನೆ. ಯಾವುದಕ್ಕೆ ಹೆದರುತ್ತಾನೆ. ನನ್ನ ತಮ್ಮನಿಗೆ ಮಿಕ್ಸರ್ ಸದ್ದು ಆಗುವುದಿಲ್ಲ, ಹಾಕುವ ಮೊದಲು ಹೇಳಿದರೆ ತಾನೇ ಕಟ್ಟೆಗೆ ಹೋಗಿ ಕೂರುತ್ತಾನೆ. ಅವನ ಮಾತಿನ ಅರ್ಥವನ್ನೂ ಬರೆಯಿರಿ. ತಮ್ಮ "ಬುಬು" ಅಂದರೆ ನೀರು, ಕಿವಿ ಹಿಡಿದರೆ ಹೊಟ್ಟೆನೋವು. ಇದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಬರೆಯುವಾಗ ತಾಯಿ ಒಬ್ಬಳನ್ನೇ ಕೇಳಬೇಡಿ. ಅಪ್ಪ, ಅಜ್ಜ, ಓಣಿಯ ಹುಡುಗರನ್ನೂ ಕೇಳಿ. ತಮ್ಮನಿಗೆ ಈಜಲು ಆಸೆ ಅಂತ ನಮಗೆ ಗೊತ್ತಾದದ್ದು ಓಣಿಯ ಹುಡುಗನಿಂದ.

ಹೆಜ್ಜೆ 3: ಕಾಗದಪತ್ರ

ಇದು ಬೇಸರದ ಕೆಲಸ. ಆದರೆ ಮುಂದಿನ ಎಲ್ಲ ಬಾಗಿಲೂ ಇದರಿಂದಲೇ ತೆರೆಯುತ್ತವೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನಿಮಗೆ ಆಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ವಿಆರ್‌ಡಬ್ಲ್ಯೂ ಅಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ಅವರ ಮೇಲೆ ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಈ ಇಬ್ಬರ ನಂಬರ್ ನೋಟ್‌ಬುಕ್‌ನಲ್ಲಿ ಇರಲೇಬೇಕು.

ಕಾರ್ಡಿಗಾಗಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ದಿನ ವೈದ್ಯರು, ಮನಶ್ಶಾಸ್ತ್ರಜ್ಞರು ನಿಮ್ಮನ್ನೇ ಜಾಸ್ತಿ ಪ್ರಶ್ನೆ ಕೇಳುತ್ತಾರೆ: ತಾನೇ ಜಳಕ ಮಾಡುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ, ಒಬ್ಬನೇ ಅಂಗಡಿಗೆ ಹೋಗುತ್ತಾನಾ. ಅಲ್ಲಿ ತಾಯಂದಿರು ಪ್ರೀತಿಯಿಂದ ಎಲ್ಲದಕ್ಕೂ "ಹೂಂ, ಮಾಡ್ತಾನ್ರಿ" ಅಂದುಬಿಡುತ್ತಾರೆ. ಮಗನನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಆದರೆ ಅಂಗವಿಕಲತೆ ಶೇಕಡಾ ಎಷ್ಟು ಅಂತ ನಿರ್ಧಾರವಾಗುವುದು ಆ ಉತ್ತರದ ಮೇಲೂ. ನೀವು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಮಾಡುತ್ತಾನೆ ಅಂದರೆ ಹಾಗೆಯೇ ಹೇಳಿ. ಸೌಮ್ಯ ಪ್ರಮಾಣಕ್ಕೆ ಶೇ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100 ಅಂತ ಕೊಡುತ್ತಾರೆ. ಬಹುತೇಕ ಸೌಲಭ್ಯಕ್ಕೆ ಕನಿಷ್ಠ ಶೇ 40 ಇರಬೇಕು. ಮಕ್ಕಳಿಗಾದರೆ 5, 10 ಮತ್ತು 18ನೇ ವರ್ಷದಲ್ಲಿ ಮರುಪರೀಕ್ಷೆ ಇರುತ್ತದೆ, ತಾರೀಖು ಬರೆದಿಡಿ.

ಕಾರ್ಡು ಬಂದ ಮೇಲೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಿ. ಇಂಥವರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಸಿಗುತ್ತದೆ, ಥೆರಪಿ, ಹೊರರೋಗಿ ಖರ್ಚೂ ಅದರಲ್ಲಿ ಸೇರುತ್ತದೆ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ, ಮರೆತವರೇ ಜಾಸ್ತಿ. ಕಲ್ಯಾಣ ಕರ್ನಾಟಕ ಸಾರಿಗೆಯ ರಿಯಾಯಿತಿ ಪಾಸು ಮಾಡಿಸಿ. ರೈಲಿನಲ್ಲಿ ಜತೆಗೆ ಒಬ್ಬರು ಇಲ್ಲದೆ ಪ್ರಯಾಣಿಸಲು ಆಗದವರಿಗೆ ಸ್ಲೀಪರ್ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ, ಜತೆಗೆ ಹೋಗುವವರಿಗೂ ಅಷ್ಟೇ. ಮನಸ್ಸು, ಮೆದುಳಿನ ಕಾಯಿಲೆಗಳ ಆಸ್ಪತ್ರೆಗಳಾದ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವವರಿಗೆ ಇದು ದೊಡ್ಡ ಉಳಿತಾಯ. ರಾಯಚೂರು ಕಡೆಯವರಿಗೆ ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವಿಕಲರ ಸಂಸ್ಥೆ ಇನ್ನೂ ಹತ್ತಿರ.

ಹೆಜ್ಜೆ 4: ಒಂದು ಕೆಲಸ ಕಲಿಸಿ, ಕೊನೆಯಿಂದ ಕಲಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅವ್ವ ತಮ್ಮನಿಗೆ 24 ವರ್ಷ ಚಡ್ಡಿ ಹಾಕಿದ್ದಾಳೆ. ಅವನಿಗೆ ಬರುವುದಿಲ್ಲ ಅಂತಲ್ಲ. ಹೊಲಕ್ಕೆ ಹೊತ್ತಾಗುತ್ತದೆ, ಅವನು ಹಾಕಿಕೊಳ್ಳುವ ತನಕ ಯಾರು ಕಾಯಬೇಕು ಅಂತ. ಎಲ್ಲ ಮನೆಯಲ್ಲೂ ಇದೇ ಕಥೆ.

ಮೊದಲು ಒಂದೇ ಕೆಲಸ ಆರಿಸಿಕೊಳ್ಳಿ. ದಿನವೂ ಬರುವಂಥದ್ದು, ಅವನಿಗೆ ಸ್ವಲ್ಪವಾದರೂ ಇಷ್ಟ ಇರುವಂಥದ್ದು. ಅದನ್ನು ಸಣ್ಣ ಸಣ್ಣ ತುಂಡು ಮಾಡಿ. ಚಡ್ಡಿ ಹಾಕುವುದು ಅಂದರೆ: ಮುಂದಿನ ಭಾಗ ಗುರುತಿಸುವುದು, ಕೂರುವುದು, ಬಲಗಾಲು ತೂರಿಸುವುದು, ಎಡಗಾಲು, ಮೊಣಕಾಲವರೆಗೆ ಎಳೆಯುವುದು, ಎದ್ದು ನಿಲ್ಲುವುದು, ಸೊಂಟಕ್ಕೆ ಎಳೆಯುವುದು. ಏಳು ತುಂಡಾಯಿತು. ಈಗ ಆರನ್ನು ನೀವೇ ಮಾಡಿ. ಕೊನೆಯದನ್ನು, ಸೊಂಟಕ್ಕೆ ಎಳೆದುಕೊಳ್ಳುವುದನ್ನು ಮಾತ್ರ ಅವನಿಗೆ ಬಿಡಿ. ಎಳೆದುಕೊಂಡ ಕೂಡಲೇ ಕೆಲಸ ಮುಗಿಯಿತು, ಮುಗಿಸಿದವನು ಅವನೇ! ಆ ಖುಷಿ ಅವನಿಗೆ ಸಿಗಬೇಕು, ಅದಕ್ಕೇ ಕೊನೆಯಿಂದ ಶುರು ಮಾಡುವುದು. ಐದಾರು ದಿನ ತಪ್ಪದೆ ಮಾಡಿದ ಮೇಲೆ ಕೊನೆಯ ಎರಡು ತುಂಡು ಬಿಡಿ. ಹೀಗೆ ಹಿಂದಕ್ಕೆ ಹಿಂದಕ್ಕೆ ಬನ್ನಿ.

ಸಹಾಯವನ್ನೂ ಹೀಗೇ ಕಡಿಮೆ ಮಾಡಬೇಕು. ಮೊದಲು ಅವನ ಕೈ ಮೇಲೆ ನಿಮ್ಮ ಕೈ. ಆಮೇಲೆ ಮೊಣಕೈ ಮುಟ್ಟಿದರೆ ಸಾಕು. ಆಮೇಲೆ ಬೆರಳು ತೋರಿಸುವುದು, ಆಮೇಲೆ ಬರೀ ಮಾತು, ಕೊನೆಗೆ ಸುಮ್ನೆ ಪಕ್ಕದಲ್ಲಿ ನಿಲ್ಲುವುದು. ಮನೆಯವರೆಲ್ಲ ಒಂದೇ ಮಾತು ಬಳಸಿ. ಒಬ್ಬರು "ಎಳಿ", ಇನ್ನೊಬ್ಬರು "ಮ್ಯಾಲೆ ಮಾಡ್ಕೋ", ಮತ್ತೊಬ್ಬರು "ಹಾಕ್ಕೋ" ಅಂದರೆ ಅವನಿಗೆ ಮೂರೂ ಬೇರೆ ಕೆಲಸ. ಹೇಳಿದ ಮೇಲೆ ಹತ್ತು ಎಣಿಸುವಷ್ಟು ಕಾಯಿರಿ, ಮಾತು ತಲೆಗೆ ಇಳಿಯಲು ಹೊತ್ತು ಬೇಕು. ಕಾಯುವುದೇ ಕಷ್ಟ, ನನಗಂತೂ ಬಹಳ ಕಷ್ಟವಾಯಿತು.

ಲಾಡಿ, ಗುಂಡಿಯ ಜಗಳ ಬೇಡ ಅಂದರೆ ಎಲಾಸ್ಟಿಕ್ ಹಾಕಿಸಿ. ಚಪ್ಪಲಿಯ ಒಳಗೆ ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ನೀಲಿ ಹಚ್ಚಿ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಹೀಗೆ ಕೆಲಸವನ್ನೇ ಸಲೀಸು ಮಾಡುವುದೂ ಕಲಿಕೆಯೇ.

ತಮ್ಮನಿಗೆ ಚಡ್ಡಿ ಪೂರ್ತಿ ಬರಲು ಎರಡೂವರೆ ತಿಂಗಳು ಹಿಡಿಯಿತು. ಈಗ ನಳಕ್ಕೆ ನೀರು ಬಂದ ದಿನ ಕೊಡ ತುಂಬಿಸಿ ಒಳಗೆ ಇಡುವುದು ಅವನದೇ ಕೆಲಸ. ನಾವು ಯಾರಾದರೂ ಕೊಡ ಮುಟ್ಟಿದರೆ ಸಿಟ್ಟು ಬರುತ್ತದೆ.

ಬಯಲುಕಡೆಗೆ ಕೂರಿಸುವ ಅಭ್ಯಾಸಕ್ಕೆ ಬೇರೆ ಉಪಾಯ. ಐದು ದಿನ ಗಂಟೆಗೊಮ್ಮೆ ಬಟ್ಟೆ ಒಣಗಿದೆಯೋ ಒದ್ದೆಯೋ ನೋಡಿ ಗುರುತು ಹಾಕಿ. ಅವನ ಹೊತ್ತು ಯಾವುದು ಅಂತ ಗೊತ್ತಾಗುತ್ತದೆ. ಅದಕ್ಕೆ ಹತ್ತು ನಿಮಿಷ ಮೊದಲು ಕರೆದುಕೊಂಡು ಹೋಗಿ. ಬೈಯಬೇಡಿ, ಬೈದರೆ ಅಡಗಿ ಕೂರುವುದನ್ನು ಕಲಿಯುತ್ತಾರೆ.

ಹೆಜ್ಜೆ 5: ಹಠ ಅಂತ ಬೈಯುವ ಮೊದಲು

ಮಾತು ಕಡಿಮೆ ಇರುವವರು ಮೈಯಿಂದಲೇ ಮಾತಾಡುತ್ತಾರೆ. ತಮ್ಮ ಒಂದು ಸಲ ಎರಡು ತಿಂಗಳು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಯಾರೋ ತಾಯತ ಕಟ್ಟಿದರು, ಯಾರೋ ಹೊಡೆಯಿರಿ ಅಂದರು. ಕೊನೆಗೆ ನೋಡಿದರೆ ಹಿಂದಿನ ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು. ಹಲ್ಲು ತೆಗೆಸಿದ ಮೂರನೇ ದಿನಕ್ಕೆ ಕಚ್ಚುವುದು ನಿಂತಿತು. ಹಾಗಾಗಿ ನಡವಳಿಕೆ ಏಕಾಏಕಿ ಬದಲಾದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ, ಜ್ವರ, ಮೂತ್ರದ ಉರಿ ನೋಡಿಸಿ.

ಮೈಯಲ್ಲಿ ಏನೂ ಇಲ್ಲ ಅಂದರೆ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿ. ಆಗುವ ಮೊದಲು ಏನಿತ್ತು, ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಹತ್ತು ದಿನ ಬರೆದರೆ ಸುಳಿವು ಸಿಗುತ್ತದೆ. ಕಿರುಚಿದಾಗಲೆಲ್ಲ ಬಿಸ್ಕೀಟು ಕೊಟ್ಟು ಸುಮ್ಮನಿರಿಸಿದರೆ ಕಿರುಚುವುದನ್ನು ಕಲಿಸಿದವರು ನಾವೇ. ಕಿರುಚುವ ಮೊದಲೇ ಕೈ ತೋರಿಸಿ ಕೇಳುವುದನ್ನು ಕಲಿಸಿ, ಕೇಳಿದ ಕೂಡಲೇ ಕೊಡಿ.

ಕಟ್ಟಿಹಾಕುವ ಬಗ್ಗೆ ಬರೆಯದೆ ಇರಲಾರೆ. ಬಿತ್ತನೆ, ಕಳೆ, ಸುಗ್ಗಿಯ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಕಂಬಕ್ಕೆ ಹಗ್ಗ ಕಟ್ಟಿ ಹೋಗುವ ಮನೆಗಳನ್ನು ನಾನು ನೋಡಿದ್ದೇನೆ, ಅವರು ಕೆಟ್ಟವರಲ್ಲ. ಕೂಲಿ ತಪ್ಪಿದರೆ ಒಲೆ ಹತ್ತುವುದಿಲ್ಲ. ಆದರೆ ಕಟ್ಟಿದವನಿಗೆ ಒಬ್ಬನೇ ಇದ್ದಾಗ ಫಿಟ್ಸ್ ಬಂದರೆ, ಒಲೆಯ ಕಿಡಿ ಹಾರಿದರೆ? ಓಣಿಯಲ್ಲಿ ಹೊಲಕ್ಕೆ ಹೋಗದ ಮುದುಕರು, ಬಾಣಂತಿಯರು ಇದ್ದೇ ಇರುತ್ತಾರೆ. ನಾಲ್ಕು ಮನೆ ಸೇರಿ ಸರದಿ ಮಾಡಿ, ಪ್ರತಿಯಾಗಿ ಅವರ ಮನೆಗೆ ನೀರೋ ಸೌದೆಯೋ ತಂದುಕೊಡಿ. ಗುಳೆ ಹೋಗುವವರು ಮಗನನ್ನು ಅಜ್ಜಿಯ ಹತ್ತಿರ ಬಿಡುವಾಗ ಮೂರು ತಿಂಗಳ ಮಾತ್ರೆ, ನೋಟ್‌ಬುಕ್, ವಿಆರ್‌ಡಬ್ಲ್ಯೂ ನಂಬರ್ ಕೊಟ್ಟೇ ಹೋಗಿ.

ಹೆಜ್ಜೆ 6: ಫಿಟ್ಸ್ ಮತ್ತು ಮಾತ್ರೆ

ಬಂದಾಗ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಸುತ್ತಲಿನ ಕಲ್ಲು, ಒಲೆ, ಚೂಪು ವಸ್ತು ದೂರ ಮಾಡಿ. ತಲೆಯ ಕೆಳಗೆ ಬಟ್ಟೆ ಇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹೋಗಲಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಪೂರ್ತಿ ಎಚ್ಚರವಾಗುವ ತನಕ ನೀರನ್ನೂ ಕುಡಿಸಬೇಡಿ.

ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಆರು ತಿಂಗಳು ಬರಲಿಲ್ಲ, ವಾಸಿಯಾಯಿತು ಅಂತ ಬಿಟ್ಟವರಿಗೆ ಒಂದರ ಮೇಲೊಂದು ಬಂದದ್ದಿದೆ. ಹುಲಿಗೆಮ್ಮನಿಗೆ ಹರಕೆ ಹೊರುವವರು ಹೊರಿ, ನಮ್ಮವ್ವನೂ ಹೊತ್ತಿದ್ದಾಳೆ, ಆದರೆ ಗುಡಿಗೆ ಹೋಗುವ ಚೀಲದಲ್ಲೂ ಮಾತ್ರೆ ಇರಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ನಮ್ಮ ಬೇಸಿಗೆ ಗೊತ್ತಲ್ಲ. ಬಾಯಾರಿಕೆ ಹೇಳಲು ಬಾರದವರಿಗೆ ಗಂಟೆಗೊಮ್ಮೆ ನೀರೋ ಮಜ್ಜಿಗೆಯೋ ನೀವೇ ಕೊಡಬೇಕು.

ಡೌನ್ ಸಿಂಡ್ರೋಮ್ ಇದ್ದರೆ ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸಿ. ಹೃದಯದ ತಪಾಸಣೆ ಒಮ್ಮೆಯೂ ಆಗಿಲ್ಲ ಅಂದರೆ ಅದನ್ನು ಮೊದಲು ಮಾಡಿಸಿ.

ಹೆಜ್ಜೆ 7: ತಪ್ಪಿಸಿಕೊಂಡರೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ದೊಡ್ಡ ಭಯ. ಕಾಲುವೆಗೆ ನೀರು ಬಿಟ್ಟ ದಿನದಿಂದ ಜಾಸ್ತಿ ಎಚ್ಚರ ಇರಲಿ. ಕಾಣೆಯಾದರೆ ಮೊದಲು ನೀರಿರುವ ಕಡೆ ಹುಡುಕಿ, ಆಮೇಲೆ ಬಸ್‌ಸ್ಟ್ಯಾಂಡು. ಒಬ್ಬರು ಹುಡುಕುವಾಗಲೇ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ, ರಾತ್ರಿಯವರೆಗೆ ಕಾಯಬೇಡಿ.

ಗವಿಮಠದ ಜಾತ್ರೆಯಂಥ ಜನಸಾಗರಕ್ಕೆ ಕರೆದುಕೊಂಡು ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ತೇರು ನೋಡುವ ಆಸೆ ಅವರಿಗೂ ಇದೆ. ಎದ್ದು ಕಾಣುವ ಬಣ್ಣದ ಅಂಗಿ ಹಾಕಿ, ಹೊರಡುವ ಮೊದಲು ಫೋಟೊ ತೆಗೆದುಕೊಳ್ಳಿ, ಅಂಗಿಯ ಕಾಲರ್ ಒಳಗೆ ಅಳಿಸದ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಚೀಟಿ ಬಿದ್ದುಹೋಗುತ್ತದೆ, ಅಂಗಿ ಬೀಳುವುದಿಲ್ಲ.

ಹೆಜ್ಜೆ 8: ಮೈ ದೊಡ್ಡದಾಗುತ್ತದೆ

ಇದನ್ನು ಯಾರೂ ಮಾತಾಡುವುದಿಲ್ಲ, ಅದಕ್ಕೇ ಅನಾಹುತ ಆಗುವುದು. ಬುದ್ಧಿ ಮಗುವಿನದಿರಬಹುದು, ಮೈ ತನ್ನ ವಯಸ್ಸಿಗೆ ಬರುತ್ತದೆ. ಎಂಟು ಒಂಬತ್ತು ವರ್ಷದಿಂದಲೇ ಬಾಗಿಲು ಹಾಕಿ ಬಟ್ಟೆ ಬದಲಿಸುವುದನ್ನು ರೂಢಿ ಮಾಡಿ. ಯಾರು ಮುಟ್ಟಬಹುದು, ಎಲ್ಲಿ ಮುಟ್ಟಬಾರದು ಅಂತ ಗೊಂಬೆ ತೋರಿಸಿ ಹೇಳಿ. "ಬ್ಯಾಡ" ಅಂತ ಜೋರಾಗಿ ಕೂಗುವುದನ್ನು ಕಲಿಸಿ, ಅವರು ಮನೆಯಲ್ಲಿ ಬೇಡ ಅಂದಾಗ ನೀವೂ ಕೇಳಿ. ಯಾವಾಗಲೂ ಹೇಳಿದಂತೆ ಕೇಳುವ ಮಗುವನ್ನೇ ದುರುಳರು ಹುಡುಕುತ್ತಾರೆ. ಏನಾದರೂ ಆದರೆ ಮುಚ್ಚಿಡಬೇಡಿ, ಮಕ್ಕಳಿಗೆ 1098 ಸಹಾಯವಾಣಿ ಇದೆ, 18ರ ಒಳಗಿನವರನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಇದೆ.

ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವ ಮೊದಲೇ ತಿಂಗಳಿಗೆ ಎರಡು ದಿನ ಪ್ಯಾಡ್ ಹಾಕಿ ಅಭ್ಯಾಸ ಮಾಡಿಸಿ. ಮೇಲೆ ಹೇಳಿದ ತುಂಡು ತುಂಡು ಮಾಡಿ ಕಲಿಸುವ ಕ್ರಮ ಇಲ್ಲಿಗೂ ಆಗುತ್ತದೆ. ತೊಂದರೆ ತಪ್ಪಲಿ ಅಂತ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ, ಅದರಿಂದ ದೌರ್ಜನ್ಯವೂ ತಪ್ಪುವುದಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವುದೂ ಹಾಗೆಯೇ, ಇನ್ನೊಂದು ಹೆಣ್ಣಿನ ಬದುಕು ಕೆಡುತ್ತದೆ.

ಹೆಜ್ಜೆ 9: ಶಾಲೆ, ಪಂಚಾಯಿತಿ, ಕೆಲಸ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಅಂಗವಿಕಲತೆ ಕನಿಷ್ಠ ಶೇ 40 ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಹೋಗಲು ಆಗದವರಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣ ಇದೆ, ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವವರನ್ನು ಕೇಳಿ. ಅವರು ಮನೆಗೆ ಬಂದಾಗ ಬರೀ ಚಹಾ ಕೊಟ್ಟು ಕಳಿಸಬೇಡಿ, ಪಕ್ಕದಲ್ಲಿ ಕೂತು ಅವರು ಮಾಡಿಸುವುದನ್ನು ಕಲಿಯಿರಿ.

ಗ್ರಾಮ ಪಂಚಾಯಿತಿ ಶೇ 5 ಹಣ ಅಂಗವಿಕಲರಿಗೆ ಇಡಬೇಕು. ಗ್ರಾಮಸಭೆಯಲ್ಲಿ ಒಬ್ಬರೇ ಎದ್ದು ಕೇಳಿದರೆ ಆಮೇಲೆ ನೋಡೋಣ ಅನ್ನುತ್ತಾರೆ. ಐದು ಮನೆಯವರು ಒಟ್ಟಿಗೆ ಹೋಗಿ, ಬೇಕಾದದ್ದನ್ನು ಹೆಸರು ಹಿಡಿದು ಬರೆದುಕೊಡಿ: ಶೌಚಾಲಯಕ್ಕೆ ಹಿಡಿಕೆ, ಕಮೋಡ್ ಕುರ್ಚಿ, ಮೆಟ್ಟಿಲ ಬದಲು ಇಳಿಜಾರು.

18 ದಾಟಿದವರಿಗೆ ಕೆಲಸ ಬೇಕು. ಪೂರ್ತಿ ಕೆಲಸವಲ್ಲ, ಕೆಲಸದ ಒಂದು ತುಂಡು. ಬಳ್ಳಾರಿಯ ಜೀನ್ಸ್ ಘಟಕದಲ್ಲಾದರೆ ದಾರ ಕತ್ತರಿಸುವುದು, ಹೋಟೆಲ್‌ನಲ್ಲಾದರೆ ಮಂಡಕ್ಕಿ ಆರಿಸುವುದು, ಡೈರಿಗೆ ಹಾಲಿನ ಕ್ಯಾನ್ ಮುಟ್ಟಿಸುವುದು. ಮೊದಲ ಹದಿನೈದು ದಿನ ನೀವೂ ಜತೆಗೆ ಹೋಗಿ. ಕೂಲಿಯನ್ನು ಅವನ ಕೈಗೇ ಕೊಡಲು ಹೇಳಿ. ತಮ್ಮ ದಿನವೂ ಡೈರಿಗೆ ಎರಡು ಮನೆಯ ಹಾಲು ಒಯ್ಯುತ್ತಾನೆ, ಬರುವಾಗ ಐದು ರೂಪಾಯಿಗೆ ಮಿರ್ಚಿ ತಿನ್ನುತ್ತಾನೆ. ಅಂಗಡಿಯವರಿಗೆ ಅವನು ಈಗ ಗಿರಾಕಿ.

ಹೆಜ್ಜೆ 10: ನೋಡಿಕೊಳ್ಳುವವರನ್ನು ಯಾರು ನೋಡಬೇಕು

ವಾರಕ್ಕೆ ಅರ್ಧ ದಿನ ತಾಯಿಗೆ ಬಿಡುವು ಕೊಡಿ. ಸಂತೆಗಾದರೂ ಹೋಗಲಿ, ಮಲಗಾದರೂ ಮಲಗಲಿ. ಗಂಡಸರಿಗೆ ಹೇಳುತ್ತೇನೆ, ಜಳಕ ಮಾಡಿಸುವುದು ಅಪ್ಪನಿಗೂ ಬರುತ್ತದೆ. ನಿದ್ದೆ ಬಾರದೆ, ಸಾಯಬೇಕು ಅನ್ನಿಸುವಷ್ಟು ಸಾಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿಮಾನಸ್‌ಗೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಜ್ಜೆ 11: ನಮ್ಮ ನಂತರ

ಎಲ್ಲ ತಾಯಂದಿರ ನಿದ್ದೆ ಕೆಡಿಸುವ ಪ್ರಶ್ನೆ ಇದು. 18 ತುಂಬಿದ ಮೇಲೆ ತಂದೆ ತಾಯಿಯೂ ಕಾನೂನಿನ ಪ್ರಕಾರ ತಾವಾಗಿಯೇ ಪೋಷಕರಲ್ಲ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನು ಪೋಷಕರ ಆದೇಶ ಪಡೆಯಬೇಕು. ದಾರಿ ತೋರಿಸಲು ಜಿಲ್ಲಾ ವಿಕಲಚೇತನರ ಇಲಾಖೆ ಇದೆ. ಆದೇಶ ಸಿಕ್ಕವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಹೊಲದಲ್ಲಿ ಅವನ ಪಾಲು ಯಾರೂ ನುಂಗದಿರಲಿ ಅಂತಲೇ ಈ ನಿಯಮ. ಅಣ್ಣ ತಮ್ಮಂದಿರ ಹಿಸೆ ಆಗುವ ಮೊದಲೇ ಇದನ್ನು ಮಾಡಿಸಿ.

ಕಾಗದ ಒಂದೇ ಸಾಲದು. ಮುಂದೆ ಯಾರ ಮನೆಯಲ್ಲಿ ಇರಬೇಕೋ ಆ ಮನೆಯಲ್ಲಿ ಅವನು ಈಗಲೇ ಮಲಗಿ ಏಳುವ ಅಭ್ಯಾಸ ಆಗಲಿ. ಮೊದಲು ಒಂದು ಹಗಲು, ಆಮೇಲೆ ಒಂದು ರಾತ್ರಿ, ಆಮೇಲೆ ಎರಡು. ತಮ್ಮ ಈಗ ತಿಂಗಳಿಗೆ ಮೂರು ರಾತ್ರಿ ಗಂಗಾವತಿಗೆ ನಮ್ಮ ಮನೆಗೆ ಬರುತ್ತಾನೆ. ಮೊದಲ ಸಲ ರಾತ್ರಿಯಿಡೀ ಬಾಗಿಲ ಹತ್ತಿರ ಕೂತಿದ್ದ. ಈಗ ಬರುವಾಗ ತನ್ನ ಚಾದರ, ಮಾತ್ರೆ ಡಬ್ಬಿ, ನೋಟ್‌ಬುಕ್ ತಾನೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ನೋಟ್‌ಬುಕ್‌ನ ಒಂದು ಜೆರಾಕ್ಸ್ ಚಿಗವ್ವನ ಹತ್ತಿರ ಇದೆ, ಇನ್ನೊಂದು ನನ್ನ ಹತ್ತಿರ. ಮಾತ್ರೆ ಬದಲಾದ ದಿನ ಮೂರನ್ನೂ ತಿದ್ದುತ್ತೇವೆ.